ಅಥಣಿಯ ಅಟ್ಟೆ, ಮಿಲಾನಿನ ಮೆಟ್ಟು

ಇಟಲಿಯ ಮಿಲಾನ್ ನಗರದ ದಕ್ಷಿಣ ಭಾಗದಲ್ಲಿ, ಒಂದು ಕಾಲಕ್ಕೆ ಮದ್ಯ ಬಟ್ಟಿ ಇಳಿಸುತ್ತಿದ್ದ ಕಾರ್ಖಾನೆಯ ಆವರಣವನ್ನು ವಾಸ್ತುಶಿಲ್ಪಿ ರೆಮ್ ಕೂಲ್ಹಾಸ್ ಅವರ ಸಂಸ್ಥೆ ಕಲಾಕೇಂದ್ರವನ್ನಾಗಿ ಬದಲಿಸಿಕೊಟ್ಟಿದೆ. 2015ರಲ್ಲಿ ಬಾಗಿಲು ತೆರೆದ ಆ ಜಾಗದ ಹೆಸರು ಫೊಂಡಾಝಿಯೋನೆ ಪ್ರಾಡಾ. ಪ್ರಾಡಾ ಕಂಪನಿ ತನ್ನ ಹೊಸ ಉಡುಪುಗಳನ್ನು ಜಗತ್ತಿಗೆ ತೋರಿಸುವುದು ಅಲ್ಲಿಯೇ. 2025ರ ಜೂನ್ 22ರಂದು ಅಲ್ಲಿನ ಡೆಪಾಸಿಟೊ ಎಂಬ ಸಭಾಂಗಣದಲ್ಲಿ ಗಂಡಸರ ಉಡುಪಿನ ಪ್ರದರ್ಶನ ನಡೆಯಿತು. 2026ರ ವಸಂತ ಮತ್ತು ಬೇಸಿಗೆಗೆಂದು ಮಿಯುಚ್ಚಾ ಪ್ರಾಡಾ ಮತ್ತು ರಾಫ್ ಸಿಮನ್ಸ್ ಜೊತೆಯಾಗಿ ರೂಪಿಸಿದ ಸಂಗ್ರಹ ಅದು. ನೆಲದ ಮೇಲೆ ಅಲ್ಲಲ್ಲಿ ಹೂವಿನಾಕಾರದ ನೆಲಹಾಸು ಬಿಟ್ಟರೆ ಬೇರೆ ಅಲಂಕಾರವಿರಲಿಲ್ಲ. ತೊಡೆಯ ಬುಡದಲ್ಲೇ ನೆರಿಗೆ ಹಿಡಿದ ಪುಟ್ಟ ಚಡ್ಡಿಗಳು, ಆಟದ ಮೈದಾನದಿಂದ ನೇರವಾಗಿ ಬಂದಂಥ ಟ್ರ್ಯಾಕ್‌ಸೂಟುಗಳು, ನಾರಿನಲ್ಲಿ ಹೆಣೆದ ಟೋಪಿಗಳು. ಗಂಡಸಿನ ಉಡುಪು ಎಂದರೆ ಬಿಗಿತ, ಅಧಿಕಾರ, ದರ್ಪ ಎಂಬ ನಂಬಿಕೆಯನ್ನು ಸಡಿಲಿಸುವುದು ಇಬ್ಬರ ಉದ್ದೇಶವಾಗಿತ್ತು. ಯುರೋಪಿನ ಫ್ಯಾಷನ್ ವಿಮರ್ಶಕರು ಆ ಹಗುರತನವನ್ನು ಮೆಚ್ಚಿ ಬರೆದರು, ಚಡ್ಡಿಗಳ ಅಳತೆಯ ಬಗ್ಗೆ ಚರ್ಚಿಸಿದರು.

ಭಾರತದಲ್ಲಿ ಆ ಚಡ್ಡಿ, ಟೋಪಿಗಳನ್ನು ನೋಡಿದವರು ಕಡಿಮೆ. ನಮ್ಮವರ ದೃಷ್ಟಿ ನಿಂತದ್ದು ರೂಪದರ್ಶಿಗಳ ಪಾದದ ಮೇಲೆ. ಚಪ್ಪಟೆ ಅಟ್ಟೆ, ಹೆಬ್ಬೆರಳು ತೂರಿಸುವ ಉಂಗುಟ, ಅಲ್ಲಿಂದ ಪಾದದ ಮೇಲಿನ ಪಟ್ಟಿಗೆ ಓಡುವ ಹೆಣಿಗೆ, ಬಣ್ಣ ಬಳಿಯದ ಜೇನುಕಂದು ತೊಗಲು. ಬೆಳಗಾವಿ, ಕೊಲ್ಹಾಪುರ, ಸಾಂಗ್ಲಿ ಕಡೆಯ ಯಾವ ಸಂತೆಯಲ್ಲಿ ತೋರಿಸಿದರೂ ಮಕ್ಕಳು ಸಹ ಅದರ ಹೆಸರು ಹೇಳುತ್ತಾರೆ: ಕೊಲ್ಹಾಪುರಿ ಚಪ್ಪಲಿ. ಪ್ರಾಡಾ ಮಾತ್ರ ಅದನ್ನು ಬರೀ ‘ತೊಗಲಿನ ಸ್ಯಾಂಡಲ್’ ಎಂದು ಕರೆದಿತ್ತು. ಊರಿನ ಹೆಸರಿಲ್ಲ, ದೇಶದ ಹೆಸರಿಲ್ಲ, ಮಾಡುವವರ ಹೆಸರಂತೂ ಇಲ್ಲವೇ ಇಲ್ಲ.

ಮುಂದಿನ ಒಂದೆರಡು ವಾರಗಳಲ್ಲಿ ಎದ್ದ ಗದ್ದಲವನ್ನು ಓದುಗರು ಮರೆತಿರಲಾರರು. ನಮ್ಮ ಕುಶಲಕರ್ಮಿಗಳು 400 ರೂಪಾಯಿಗೆ ಮಾಡಿಕೊಡುವ ಚಪ್ಪಲಿಯನ್ನು ಪ್ರಾಡಾ ಲಕ್ಷ ರೂಪಾಯಿಗೆ ಮಾರುತ್ತಿದೆ ಎಂದು ಉದ್ಯಮಿ ಹರ್ಷ್ ಗೋಯೆಂಕಾ ಬರೆದದ್ದು ಎಲ್ಲೆಡೆ ಹರಿದಾಡಿತು. ಕೊಲ್ಹಾಪುರದವರಾದ ರಾಜ್ಯಸಭಾ ಸದಸ್ಯ ಧನಂಜಯ ಮಹಾಡಿಕ್ ನಿಯೋಗ ಕಟ್ಟಿಕೊಂಡು ಮಹಾರಾಷ್ಟ್ರದ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಅವರ ಬಳಿ ಹೋದರು. ಮಹಾರಾಷ್ಟ್ರ ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿಯ ಅಧ್ಯಕ್ಷ ಲಲಿತ್ ಗಾಂಧಿ ನೇರವಾಗಿ ಪ್ರಾಡಾಗೆ ಪತ್ರ ಬರೆದರು. ಆ ಪತ್ರಕ್ಕೆ ಉತ್ತರಿಸಿದವರು ಲೊರೆಂಝೊ ಬೆರ್ಟೆಲ್ಲಿ, ಮಿಯುಚ್ಚಾ ಪ್ರಾಡಾರ ಮಗ, ಕಂಪನಿಯ ಸಾಮಾಜಿಕ ಹೊಣೆಗಾರಿಕೆ ವಿಭಾಗದ ಮುಖ್ಯಸ್ಥ. ಈ ಪಾದರಕ್ಷೆಗಳು ಶತಮಾನಗಳ ಪರಂಪರೆಯುಳ್ಳ ಭಾರತೀಯ ಕೈಕಸುಬಿನಿಂದ ಪ್ರೇರಿತ ಎಂದು ಅವರು ಒಪ್ಪಿಕೊಂಡರು. ವಿನ್ಯಾಸ ಇನ್ನೂ ಆರಂಭದ ಹಂತದಲ್ಲಿದೆ, ಮಾರಾಟಕ್ಕೆ ತರುವುದು ಖಚಿತವಾಗಿಲ್ಲ ಎಂದೂ ತಿಳಿಸಿದರು.

ಇಲ್ಲಿ ಒಂದು ಸಂಗತಿ ಸ್ಪಷ್ಟವಾಗಬೇಕು. ಲಕ್ಷ, ಲಕ್ಷದ ಇಪ್ಪತ್ತು ಸಾವಿರ ಎಂದು ಎಲ್ಲರ ಬಾಯಲ್ಲಿ ಓಡಾಡಿದ ಬೆಲೆ ಪ್ರಾಡಾ ಪ್ರಕಟಿಸಿದ್ದಲ್ಲ. ಆ ಜೋಡು ಆಗ ಯಾವ ಅಂಗಡಿಯಲ್ಲೂ ಮಾರಾಟಕ್ಕಿರಲಿಲ್ಲ. ಕಂಪನಿಯ ಬೇರೆ ತೊಗಲಿನ ಸ್ಯಾಂಡಲ್‌ಗಳ ದರ ನೋಡಿ ಜನ ಲೆಕ್ಕ ಹಾಕಿದ್ದರು. ಆದರೂ ಸಿಟ್ಟಿಗೆ ಆಧಾರವಿರಲಿಲ್ಲ ಎನ್ನಲಾಗದು. ಬೆಲೆ ಎಷ್ಟೇ ಇರಲಿ, ಹೆಸರು ಹೇಳದೆ ತೆಗೆದುಕೊಂಡದ್ದು ತೆಗೆದುಕೊಂಡದ್ದೇ.

ಪ್ರಾಡಾಗೆ ಭಾರತ ಅಪರಿಚಿತವೂ ಅಲ್ಲ. 2010ರಲ್ಲಿ ಇದೇ ಮಿಯುಚ್ಚಾ ಪ್ರಾಡಾ ‘ಮೇಡ್ ಇನ್’ ಎಂಬ ಸರಣಿಯನ್ನು ಹೊರತಂದಿದ್ದರು. ಸ್ಕಾಟ್ಲೆಂಡಿನ ಚೌಕಳಿ ಉಣ್ಣೆ, ಪೆರುವಿನ ಅಲ್ಪಾಕಾ ಹೆಣಿಗೆ, ಜಪಾನಿನ ಡೆನಿಮ್ ಮತ್ತು ಭಾರತದ ಚಿಕನ್ ಕಸೂತಿಯನ್ನು ಆಯಾ ದೇಶದಲ್ಲೇ ಮಾಡಿಸಿ, ಪಟ್ಟಿಯ ಮೇಲೆ ಆಯಾ ದೇಶದ ಹೆಸರನ್ನು ಹೊಲಿದು ಮಾರಿದ ಸರಣಿ ಅದು. ಹೆಸರು ಹೇಳಿ ಗೌರವಿಸುವ ದಾರಿ ಆ ಮನೆತನಕ್ಕೆ ಗೊತ್ತಿತ್ತು ಎಂದಾಯಿತು. ಹದಿನೈದು ವರ್ಷದ ಬಳಿಕ ಆ ದಾರಿ ಹಿಡಿಯಲಿಲ್ಲ ಎಂಬುದೇ ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ನೋಯಿಸುತ್ತದೆ. ಅರಿಯದವರ ತಪ್ಪಿಗಿಂತ ಅರಿತವರ ಅಸಡ್ಡೆ ದೊಡ್ಡದು.

ಅದೇ ವಾರ ಪ್ಯಾರಿಸಿನಲ್ಲಿ ನಡೆದದ್ದನ್ನು ಪಕ್ಕದಲ್ಲಿಟ್ಟು ನೋಡಬಹುದು. ಜೂನ್ 24ರಂದು ಲೂಯಿ ವಿಟಾನ್ ಪರವಾಗಿ ಫ್ಯಾರೆಲ್ ವಿಲಿಯಮ್ಸ್ ತೋರಿಸಿದ ಗಂಡಸರ ಉಡುಪಿನ ಸಂಗ್ರಹ ಪೂರ್ತಿ ಭಾರತದ ಗುಂಗಿನಲ್ಲಿತ್ತು. ಪೊಂಪಿದು ಕೇಂದ್ರದ ಮುಂದಿನ ಬಯಲಲ್ಲಿ ಹಾವು ಏಣಿ ಆಟದ ಪಟವನ್ನೇ ನೆಲವಾಗಿ ಹಾಸಿದವರು ಸ್ಟುಡಿಯೋ ಮುಂಬೈನ ವಾಸ್ತುಶಿಲ್ಪಿ ಬಿಜೋಯ್ ಜೈನ್. ಹಾಡಿನಲ್ಲಿ ಎ.ಆರ್. ರೆಹಮಾನ್ ಅವರ ಕೈ ಇತ್ತು. ಎಲ್ಲವನ್ನೂ ಹೆಸರು ಹಿಡಿದು ಹೇಳಲಾಯಿತು, ಪ್ರತಿಕ್ರಿಯೆಯೂ ಬಹುಪಾಲು ಸಂತೋಷದ್ದೇ ಆಗಿತ್ತು. ಎರವಲು ತಂದದ್ದಕ್ಕೆ ನಮ್ಮವರು ಸಿಟ್ಟಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೂ ಒಂದು ವ್ಯತ್ಯಾಸವಿದೆ. ಪ್ಯಾರಿಸಿನಲ್ಲಿ ಹೆಸರು ಸಿಕ್ಕವರು ಆಗಲೇ ಹೆಸರಿದ್ದವರು. ಮಿಲಾನಿನಲ್ಲಿ ಹೆಸರು ಕಳೆದುಕೊಂಡವರಿಗೆ ಅದಕ್ಕೆ ಮೊದಲೂ ಯಾರೂ ಹೆಸರು ಕೊಟ್ಟಿರಲಿಲ್ಲ.

ಆ ಜನರ ಕಡೆಗೆ ಬರೋಣ.

ಕೊಲ್ಹಾಪುರಿ ಚಪ್ಪಲಿಯ ಹುಟ್ಟು ಚರ್ಮ ಹದ ಮಾಡುವ ಗುಂಡಿಯ ಬಳಿ. ಕೋಣ, ಎಮ್ಮೆಯ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ಕೆರೆದು, ತೊಳೆದು, ಅದನ್ನೇ ಚೀಲದಂತೆ ಹೊಲಿಯುತ್ತಾರೆ. ಆ ಚೀಲದೊಳಗೆ ಜಾಲಿಮರದ ತೊಗಟೆ ಮತ್ತು ಅಳಲೆಕಾಯಿಯ ಒಗರು ನೀರು ತುಂಬಿ ತೂಗುಹಾಕುತ್ತಾರೆ. ಒಳಗಿನ ನೀರು ತೊಗಲನ್ನು ಹಾದು ತೊಟತೊಟ ಇಳಿಯುತ್ತದೆ. ಇಳಿದದ್ದನ್ನು ಮತ್ತೆ ಮೇಲಿಂದ ಸುರಿಯುತ್ತಾರೆ. ಒಂದು ಬದಿ ಸಾಕಾದ ಮೇಲೆ ಚೀಲವನ್ನು ತಲೆಕೆಳಗು ಮಾಡುತ್ತಾರೆ. ರಾಸಾಯನಿಕ ಹಾಕಿ ಯಂತ್ರದಲ್ಲಿ ತಿರುಗಿಸಿದರೆ ಬೇಗ ಮುಗಿಯುವ ಕೆಲಸಕ್ಕೆ ಇಲ್ಲಿ ವಾರಗಟ್ಟಲೆ ಸಮಯ ಬೇಕು. ಹೀಗೆ ಹದವಾದ ತೊಗಲು ಗಟ್ಟಿಯಾಗಿರುತ್ತದೆ, ಬೆವರು ಹೀರುತ್ತದೆ, ಎಣ್ಣೆ ಕುಡಿದಷ್ಟೂ ಮೆತ್ತಗಾಗಿ ಮೆಟ್ಟಿದವರ ಪಾದದ ಆಕಾರಕ್ಕೆ ಬಗ್ಗುತ್ತದೆ.

ಮುಂದಿನ ಕೆಲಸ ಮನೆಯ ಜಗಲಿಯಲ್ಲಿ. ಗಂಡಸರು ರಂಪಿಗೆ ಹಿಡಿದು ಅಟ್ಟೆ ಕತ್ತರಿಸುತ್ತಾರೆ, ಪದರದ ಮೇಲೆ ಪದರ ಕೂರಿಸಿ ತೊಗಲಿನ ದಾರದಿಂದಲೇ ಹೊಲಿಯುತ್ತಾರೆ. ಒಂದೇ ಒಂದು ಮೊಳೆ ಬೇಡ. ಪಟ್ಟಿಯ ಮೇಲೆ ಚಿತ್ತಾರ ಬಡಿಯುವುದು, ಎಳೆ ಸೀಳಿ ಜಡೆಯಂತೆ ಹೆಣೆಯುವುದು, ಜರಿ ಸುತ್ತುವುದು, ಗೊಂಡೆ ಕಟ್ಟುವುದು ಹೆಂಗಸರ ಪಾಲು. ಪ್ರಾಡಾದ ವೇದಿಕೆಯ ಮೇಲೆ ಎಲ್ಲರ ಕಣ್ಣಿಗೆ ಬಿದ್ದ ಆ ಹೆಣಿಗೆ ನಮ್ಮಲ್ಲಿ ಹೆಣ್ಣುಮಕ್ಕಳ ಬೆರಳಿನ ಕೆಲಸ ಎಂದು ಅಷ್ಟೂ ಗದ್ದಲದ ನಡುವೆ ಹೇಳಿದವರು ಬಹಳ ಕಡಿಮೆ. ಕೆಲವು ಜೋಡುಗಳಲ್ಲಿ ಅಟ್ಟೆಯ ಪದರಗಳ ನಡುವೆ ಒಂದು ಬಗೆಯ ಬೀಜ ಇಡುತ್ತಾರೆ. ನಡೆದಾಗ ಕರ್ ಕರ್ ಎಂದು ಸದ್ದಾಗಲಿ ಎಂದು. ಊರ ಗೌಡರು ಬರುತ್ತಿದ್ದಾರೆಂದು ಆ ಸದ್ದಿನಿಂದಲೇ ತಿಳಿಯುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ.

ಈ ಕಸುಬು ಯಾರ ಕೈಯಲ್ಲಿದೆ? ಮಹಾರಾಷ್ಟ್ರದಲ್ಲಿ ಚಾಂಭಾರ ಮತ್ತು ಢೋರ ಸಮುದಾಯಗಳು, ನಮ್ಮಲ್ಲಿ ಸಮಗಾರ, ಡೋಹರ, ಮಾದಿಗ ಸಮುದಾಯಗಳು. ಸತ್ತ ದನವನ್ನು ಹೊತ್ತು ತಂದು, ಸುಲಿದು, ಹದ ಮಾಡಿ, ಊರಿನ ಕಾಲಿಗೆ ಮೆಟ್ಟು ಹೊಲಿದುಕೊಟ್ಟವರು ಇವರು. ಅದೇ ಕೆಲಸದ ಕಾರಣ ಹೇಳಿ ಊರು ಇವರನ್ನು ಹೊರಗಿಟ್ಟಿತು. ಹೊಲಿದುಕೊಟ್ಟ ಚಪ್ಪಲಿಯನ್ನು ಮೇಲಿನವರ ಕೇರಿಯಲ್ಲಿ ತಾವೇ ಮೆಟ್ಟಿ ನಡೆಯುವಂತಿರಲಿಲ್ಲ.

ಜೂನ್ ತಿಂಗಳ ಆಕ್ರೋಶದಲ್ಲಿ ಬಹಳ ಮಂದಿ ಈ ಚಪ್ಪಲಿಗೆ 12ನೇ ಶತಮಾನದ ಇತಿಹಾಸವಿದೆ ಎಂದು ಎದೆಯುಬ್ಬಿಸಿ ಹೇಳಿದರು. ಕನ್ನಡಿಗರಾದ ನಮಗೆ ಆ ಶತಮಾನ ಸುಮ್ಮನೆ ಹೇಳಿ ಮುಂದೆ ಹೋಗುವಂಥದ್ದಲ್ಲ. ಕಲ್ಯಾಣದ ಶರಣ ಹರಳಯ್ಯ ಚಪ್ಪಲಿ ಹೊಲಿಯುವವನು. ಬಸವಣ್ಣ ತನಗೆ ಶರಣೆಂದವನಿಗೆ ಎರಡು ಸಲ ಶರಣೆಂದ. ಆ ಹೆಚ್ಚಿನ ಒಂದು ಶರಣಿನ ಋಣ ತೀರಿಸಲು ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿ ತಂದರು. ಬಸವಣ್ಣ ಅದನ್ನು ಕಾಲಿಗೆ ಮೆಟ್ಟದೆ ತಲೆಗೆ ಮುಟ್ಟಿಸಿಕೊಂಡ ಎಂದು ಪರಂಪರೆ ಹೇಳುತ್ತದೆ. ಮುಂದೆ ಬ್ರಾಹ್ಮಣ ಮೂಲದ ಶರಣ ಮಧುವರಸನ ಮಗಳನ್ನು ಹರಳಯ್ಯನ ಮಗನಿಗೆ ತಂದುಕೊಂಡದ್ದಕ್ಕೆ ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆಯಾಯಿತು. ಕಲ್ಯಾಣ ಹೊತ್ತಿ ಉರಿಯಿತು. ಚಪ್ಪಲಿಯ ವಂಶಾವಳಿಯನ್ನು ಆ ಶತಮಾನಕ್ಕೆ ಒಯ್ಯುವವರು ಈ ರಕ್ತವನ್ನೂ ಜೊತೆಗೆ ಒಯ್ಯಬೇಕು. ಪ್ರಾಡಾ ನಮ್ಮ ಕುಶಲಕರ್ಮಿಗೆ ಅವಮಾನ ಮಾಡಿತು ಎಂದು ಕೂಗಿದವರಲ್ಲಿ ಎಷ್ಟು ಜನ ಆ ಕುಶಲಕರ್ಮಿಯ ಮನೆಯಲ್ಲಿ ನೀರು ಕುಡಿದಿದ್ದಾರೆ, ಎಷ್ಟು ಜನ ಆತನೊಂದಿಗೆ 400 ರೂಪಾಯಿಗೂ ಚೌಕಾಸಿ ಮಾಡಿಲ್ಲ ಎಂಬ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ಹೆಸರಿನ ಕಥೆಯೂ ಸರಳವಲ್ಲ. ಕೊಲ್ಹಾಪುರದ ಛತ್ರಪತಿ ಶಾಹೂ ಮಹಾರಾಜರು ಈ ಕಸುಬಿಗೆ ಪ್ರೋತ್ಸಾಹ ಕೊಟ್ಟರು, ಚರ್ಮ ಹದ ಮಾಡುವ ಕೇಂದ್ರಗಳಿಗೆ ಬೆಂಬಲವಾಗಿ ನಿಂತರು. 1902ರಲ್ಲೇ ತಮ್ಮ ಸಂಸ್ಥಾನದ ನೌಕರಿಯಲ್ಲಿ ಹಿಂದುಳಿದವರಿಗೆ ಅರ್ಧದಷ್ಟು ಸ್ಥಾನ ಮೀಸಲಿಟ್ಟ ದೊರೆ ಅವರು. ಪೇಟೆ ಬೆಳೆದದ್ದು ಕೊಲ್ಹಾಪುರದಲ್ಲಿ, ಹಾಗಾಗಿ ಹೆಸರೂ ಆ ಊರಿನದೇ ಆಯಿತು. ಆದರೆ ಆ ಪೇಟೆಗೆ ಬಂದು ಬೀಳುವ ಜೋಡುಗಳಲ್ಲಿ ದೊಡ್ಡ ಪಾಲು ತಯಾರಾಗುವುದು ಗಡಿಯ ಈಚೆಗೆ, ಕರ್ನಾಟಕದ ಅಥಣಿಯಲ್ಲಿ, ಮದಭಾವಿಯಲ್ಲಿ, ನಿಪ್ಪಾಣಿಯಲ್ಲಿ. 1956ಕ್ಕೆ ಮೊದಲು ಕೆಲವು ವರ್ಷ ಗಡಿಯ ಎರಡೂ ಬದಿ ಒಂದೇ ಮುಂಬೈ ರಾಜ್ಯದೊಳಗಿದ್ದವು. ಆಮೇಲೆ ಗೆರೆ ಬಿತ್ತು, ಕಸುಬು ಗೆರೆಯನ್ನು ಲೆಕ್ಕಿಸದೆ ನಡೆಯಿತು.

2019ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದನ್ನು ಒಪ್ಪಿಕೊಂಡಿದೆ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ ಮತ್ತು ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ, ಈ ಎಂಟು ಜಿಲ್ಲೆಗಳಲ್ಲಿ ತಯಾರಾದದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಹಕ್ಕು ಮಹಾರಾಷ್ಟ್ರದ ಚರ್ಮ ನಿಗಮವಾದ ಲಿಡ್ಕಾಂ ಮತ್ತು ನಮ್ಮ ಲಿಡ್ಕರ್, ಅಂದರೆ ಡಾ. ಬಾಬು ಜಗಜೀವನ್ ರಾಂ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ, ಎರಡರ ಹೆಸರಿನಲ್ಲೂ ಇದೆ. ಪ್ರಾಡಾ ಗದ್ದಲದ ನಡುವೆ ಸಚಿವ ಪ್ರಿಯಾಂಕ್ ಖರ್ಗೆ ಇದನ್ನೇ ನೆನಪಿಸಿದರು. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕುಶಲಕರ್ಮಿಗಳನ್ನು ಹೆಸರಿಸಿ, ಮಹಾರಾಷ್ಟ್ರ ಒಂದೇ ಈ ಹಕ್ಕು ಪಡೆಯಲು ಹೊರಟಾಗ ಸಮಾಜ ಕಲ್ಯಾಣ ಸಚಿವನಾಗಿ ಕರ್ನಾಟಕದ ಪಾಲಿಗೆ ಹೋರಾಡಬೇಕಾಯಿತು ಎಂದರು. ಅಥಣಿಯ ಹೆಣ್ಣುಮಕ್ಕಳು ಈ ಹೊತ್ತಿಗೆ ಹೊಸದಾಗಿ ಬೆಳಕಿಗೆ ಬಂದವರೂ ಅಲ್ಲ. ಮಧುರಾ ಛತ್ರಪತಿ ಅವರ ಮುಂದಾಳತ್ವದಲ್ಲಿ ಅಲ್ಲಿ ಸ್ವಸಹಾಯ ಗುಂಪುಗಳು ಒಟ್ಟುಗೂಡಿ ‘ಟೋಹೋಲ್ಡ್’ ಎಂಬ ತಮ್ಮದೇ ಮುದ್ರೆಯಲ್ಲಿ ಹೊರದೇಶಗಳಿಗೆ ಚಪ್ಪಲಿ ಕಳಿಸಿವೆ. ಪ್ರಾಡಾ ಬರುವ ಎಷ್ಟೋ ವರ್ಷ ಮೊದಲೇ ಯುರೋಪಿನ ಪಾದಗಳನ್ನು ಅಥಣಿಯ ಅಟ್ಟೆ ಮುಟ್ಟಿತ್ತು.

ಹಾಗಿದ್ದರೆ ಕಾನೂನು ಏಕೆ ಕೈಹಿಡಿಯಲಿಲ್ಲ? ಮುಂಬೈ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ದಾಖಲಾಯಿತು. ಜುಲೈ 16ರಂದು ನ್ಯಾಯಾಲಯ ಅದನ್ನು ವಜಾ ಮಾಡಿತು. ಜಿಐ ಹಕ್ಕು ಯಾರ ಹೆಸರಿನಲ್ಲಿದೆಯೋ ಆ ನಿಗಮಗಳೇ ಬಂದು ದಾವೆ ಹೂಡಬೇಕು, ಅರ್ಜಿದಾರರು ಆ ಹಕ್ಕಿನ ಒಡೆಯರಲ್ಲ ಎಂಬುದು ಕಾರಣ. ಇನ್ನೊಂದು ತೊಡಕು ಅದಕ್ಕಿಂತ ಆಳದ್ದು. 1999ರ ನಮ್ಮ ಜಿಐ ಕಾಯ್ದೆ ಮುಖ್ಯವಾಗಿ ಕಾಯುವುದು ಹೆಸರನ್ನು, ಅದೂ ಭಾರತದ ಗಡಿಯೊಳಗೆ. ಪ್ರಾಡಾ ಕೊಲ್ಹಾಪುರಿ ಎಂಬ ಹೆಸರನ್ನು ಬಳಸಿರಲೇ ಇಲ್ಲ. ಯಾವ ಮೌನ ನಮ್ಮನ್ನು ಕೆರಳಿಸಿತೋ ಅದೇ ಮೌನ ಕಾನೂನಿನ ಕಣ್ಣಿನಲ್ಲಿ ಅವರಿಗೆ ರಕ್ಷಣೆಯಾಯಿತು.

ಮೆಕ್ಸಿಕೋ ಈ ವಿಷಯದಲ್ಲಿ ನಮಗಿಂತ ಮುಂದಿದೆ. ಅಲ್ಲಿನ ಮೂಲನಿವಾಸಿಗಳ ಕಸೂತಿ, ನೇಯ್ಗೆಯ ಚಿತ್ತಾರಗಳನ್ನು ಫ್ರೆಂಚ್ ವಿನ್ಯಾಸಕಿ ಇಸಾಬೆಲ್ ಮರಾನ್ ಬಳಸಿಕೊಂಡಾಗ ಸರ್ಕಾರವೇ ಆಕ್ಷೇಪಿಸಿತು, 2020ರಲ್ಲಿ ಆಕೆ ಕ್ಷಮೆ ಕೇಳಿದರು. 2022ರ ಜನವರಿಯಲ್ಲಿ ಅಲ್ಲಿ ಜಾರಿಗೆ ಬಂದ ಕಾನೂನು ಇಂಥ ಪರಂಪರೆಯನ್ನು ಆಯಾ ಸಮುದಾಯದ ಸಾಮೂಹಿಕ ಆಸ್ತಿ ಎಂದು ಗುರುತಿಸುತ್ತದೆ. ಬಳಸುವವರು ಸಮುದಾಯದ ಒಪ್ಪಿಗೆ ಪಡೆಯಬೇಕು. ಪ್ರಾಡಾ ಪ್ರಕರಣದ ಎರಡೇ ತಿಂಗಳಲ್ಲಿ ಅಲ್ಲಿಯೂ ಚಪ್ಪಲಿಯದೇ ಜಗಳವಾಯಿತು. ವಿನ್ಯಾಸಕ ವಿಲ್ಲಿ ಚವರ್ರಿಯಾ ಅಡಿಡಾಸ್‌ಗಾಗಿ ಮಾಡಿದ ಒಂದು ಜೋಡು ವಾಹಾಕಾ ರಾಜ್ಯದ ಯಲಾಲಗ್ ಎಂಬ ಊರಿನ ಹೆಣಿಗೆಯ ಪಾದರಕ್ಷೆಯನ್ನು ಹೋಲುತ್ತಿತ್ತು. ಆಗಸ್ಟ್ ತಿಂಗಳಲ್ಲಿ ಕಂಪನಿಯ ಅಧಿಕಾರಿಗಳು ಆ ಊರಿಗೇ ಹೋಗಿ, ಜನರ ಮುಂದೆ ನಿಂತು ಕ್ಷಮೆ ಕೇಳಿದರು. ನಮ್ಮಲ್ಲಿ ಪ್ರಾಡಾದ ಮೊದಲ ಪತ್ರ ಬಂದದ್ದು ಮುಂಬೈಯ ವಾಣಿಜ್ಯ ಮಂಡಳಿಯ ವಿಳಾಸಕ್ಕೆ. ಈ ವ್ಯತ್ಯಾಸಕ್ಕೆ ಪ್ರಾಡಾ ಒಂದೇ ಹೊಣೆಯಲ್ಲ. ಸಮುದಾಯದ ಪರವಾಗಿ ಬೇರೆಯವರು ಮಾತಾಡುವುದೇ ನಮ್ಮಲ್ಲಿ ರೂಢಿ.

ಜುಲೈ ಮಧ್ಯದಲ್ಲಿ ಪ್ರಾಡಾದ ತಾಂತ್ರಿಕ ತಂಡ ಕೊಲ್ಹಾಪುರಕ್ಕೆ ಬಂತು, ಕೆಲಸದ ಮನೆಗಳಲ್ಲಿ ಕೂತು ನೋಡಿತು. ಮಾತುಕತೆ ಮುಂದುವರಿದು ಡಿಸೆಂಬರ್ 11ರಂದು ಮುಂಬೈಯಲ್ಲಿ ಪ್ರಾಡಾ, ಲಿಡ್ಕಾಂ ಮತ್ತು ಲಿಡ್ಕರ್ ಒಪ್ಪಂದಕ್ಕೆ ಸಹಿ ಹಾಕಿದವು. ಮಹಾರಾಷ್ಟ್ರ ಮತ್ತು ಕರ್ನಾಟಕದಲ್ಲಿ 2,000 ಜೋಡು ತಯಾರಾಗುತ್ತವೆ, ಒಂದು ಜೋಡಿಗೆ ಸುಮಾರು 800 ಯೂರೋ, 2026ರ ಫೆಬ್ರುವರಿಯಿಂದ ಜಗತ್ತಿನ 40 ಪ್ರಾಡಾ ಮಳಿಗೆಗಳಲ್ಲಿ ಮಾರಾಟ ಎಂದು ಘೋಷಣೆಯಾಯಿತು. ಮೂರು ವರ್ಷದ ಸಹಯೋಗ, ಕುಶಲಕರ್ಮಿಗಳಿಗೆ ಇಲ್ಲಿ ತರಬೇತಿ, ಕೆಲವರಿಗೆ ಇಟಲಿಯ ಪ್ರಾಡಾ ಅಕಾಡೆಮಿಯಲ್ಲಿ ಕಲಿಯುವ ಅವಕಾಶ. ಈ ಸಲ ಕೊಲ್ಹಾಪುರಿಯ ಹೆಸರನ್ನು ಬಿಟ್ಟುಬಿಡಲಿಲ್ಲ.

ಇದು ಸಣ್ಣ ಗೆಲುವಲ್ಲ, ಮನಸಾರೆ ಸ್ವಾಗತಿಸುತ್ತೇನೆ. ಗದ್ದಲ ಎಬ್ಬಿಸಿದವರಿಗೆ ಇದರ ಶ್ರೇಯಸ್ಸು ಸಲ್ಲಬೇಕು. ಒಪ್ಪಂದದಲ್ಲಿ ಲಿಡ್ಕರ್ ಇರುವುದರಿಂದ ನಮ್ಮ ಜಿಲ್ಲೆಗಳ ಕೈಗಳಿಗೂ ಕೆಲಸ ಬರುತ್ತದೆ ಎಂಬ ನಿರೀಕ್ಷೆ ಸಹಜ. ಆದರೆ ಲೆಕ್ಕವೊಂದನ್ನು ಹಾಕಲೇಬೇಕು. 2,000 ಜೋಡಿಗೆ 800 ಯೂರೋದಂತೆ ಒಟ್ಟು 16 ಲಕ್ಷ ಯೂರೋ, ಅಂದರೆ 16 ಕೋಟಿ ರೂಪಾಯಿಗೂ ಮೇಲೆ. ಇದರಲ್ಲಿ ತೊಗಲು ಹದ ಮಾಡಿದವನಿಗೆಷ್ಟು, ಅಟ್ಟೆ ಹೊಲಿದವನಿಗೆಷ್ಟು, ಹೆಣಿಗೆ ಹಾಕಿದವಳಿಗೆಷ್ಟು? ನ್ಯಾಯವಾದ ಸಂಭಾವನೆ ಕೊಡುತ್ತೇವೆ ಎಂದು ಬೆರ್ಟೆಲ್ಲಿ ಹೇಳಿದ್ದಾರೆ. ಆ ಮಾತು ರೂಪಾಯಿಯಲ್ಲಿ, ಜೋಡಿಯ ಲೆಕ್ಕದಲ್ಲಿ, ಕನ್ನಡದಲ್ಲೂ ಮರಾಠಿಯಲ್ಲೂ ಅಚ್ಚಾಗಿ ಕೆಲಸದ ಮನೆಯ ಗೋಡೆಯ ಮೇಲೆ ಬರಬೇಕು. ಎರಡು ನಿಗಮಗಳೂ ಸರ್ಕಾರದವು. ಅವು ಒಪ್ಪಂದದ ಷರತ್ತುಗಳನ್ನು ಮುಚ್ಚಿಡಲು ಕಾರಣವಿಲ್ಲ.

ಕಸುಬಿನೊಳಗಿನ ಸಂಕಟ ಬೇರೆಯೇ ಇದೆ, ಅದಕ್ಕೆ ಮಿಲಾನಿನಲ್ಲಿ ಮದ್ದಿಲ್ಲ. 2015ರಲ್ಲಿ ಮಹಾರಾಷ್ಟ್ರ, 2021ರಲ್ಲಿ ಕರ್ನಾಟಕ ಜಾನುವಾರು ಹತ್ಯೆ ನಿಷೇಧವನ್ನು ಬಿಗಿಗೊಳಿಸಿದ ಮೇಲೆ ತೊಗಲು ಸಾಗಿಸುವುದೇ ಅಂಜಿಕೆಯ ಕೆಲಸವಾಯಿತು. ಕಾನೂನಿನಲ್ಲಿ ಎಮ್ಮೆ, ಕೋಣಕ್ಕೆ ಒಂದಷ್ಟು ವಿನಾಯಿತಿ ಇದ್ದರೂ ರಸ್ತೆಯಲ್ಲಿ ಗಾಡಿ ತಡೆಯುವವರು ಕಾನೂನಿನ ಪುಸ್ತಕ ಓದಿ ಬರುವುದಿಲ್ಲ. ಹತ್ತಿರದಲ್ಲಿ ಸಿಗುತ್ತಿದ್ದ ತೊಗಲನ್ನು ಈಗ ಚೆನ್ನೈಯಿಂದ ತರಿಸುವವರಿದ್ದಾರೆ. ಪೇಟೆಯಲ್ಲಿ ರೆಕ್ಸಿನ್ನಿನ ನಕಲು ಕೊಲ್ಹಾಪುರಿಗಳು ಕಾಲುಭಾಗದ ಬೆಲೆಗೆ ಬಿಕರಿಯಾಗುತ್ತವೆ, ಅವುಗಳ ವಿರುದ್ಧ ಜಿಐ ಹಕ್ಕು ಚಲಾಯಿಸಲು ಅಡ್ಡಿಯೇ ಇಲ್ಲ. ಪ್ರಾಡಾ ವಿರುದ್ಧ ಎದ್ದ ದನಿಯಲ್ಲಿ ಹತ್ತರಲ್ಲಿ ಒಂದು ಪಾಲು ಈ ನಕಲಿನ ವಿರುದ್ಧ ಎದ್ದಿದ್ದರೆ ಅಥಣಿಯ ಎಷ್ಟೋ ಒಲೆಗಳಿಗೆ ಆಸರೆಯಾಗುತ್ತಿತ್ತು. ಮಕ್ಕಳು ಈ ಕೆಲಸಕ್ಕೆ ಕೂರುತ್ತಿಲ್ಲ ಎಂದು ಹಿರಿಯ ಕುಶಲಕರ್ಮಿಗಳು ಕೊರಗುವುದು ನಿಜ. ಆದರೆ ಕಸುಬಿನ ಜೊತೆಗೇ ಅಂಟಿಕೊಂಡು ಬಂದ ಅವಮಾನವನ್ನು ಬಿಟ್ಟು ಓಡುವ ಮಕ್ಕಳನ್ನು ನಾನು ದೂರಲಾರೆ. ಕೆಲಸ ಉಳಿಯಬೇಕೆಂದರೆ ಅದು ಜಾತಿಯ ಪಾಲಿಗೆ ಬಂದ ಕೆಲಸವಾಗಿ ಉಳಿಯಬಾರದು. ತರಬೇತಿ ಕೇಂದ್ರದ ಬಾಗಿಲು ಎಲ್ಲರಿಗೂ ತೆರೆಯಲಿ, ಗುರುಗಳ ಪೀಠದಲ್ಲಿ ಮಾತ್ರ ಸಮಗಾರ ಮನೆತನದ ಹಿರಿಯರೇ ಕೂರಲಿ.

ಲಿಡ್ಕರ್ ಮುಂದೆ ಈಗ ಇನ್ನೊಂದು ಬಾಗಿಲೂ ತೆರೆದಿದೆ. ಐರೋಪ್ಯ ಒಕ್ಕೂಟ ಮೊದಲು ದ್ರಾಕ್ಷಾರಸ, ಚೀಸ್‌ನಂಥ ಉಣ್ಣುವ ಕುಡಿಯುವ ವಸ್ತುಗಳಿಗೆ ಮಾತ್ರ ಒಕ್ಕೂಟದ ಮಟ್ಟದಲ್ಲಿ ಜಿಐ ರಕ್ಷಣೆ ಕೊಡುತ್ತಿತ್ತು. ಕೈಕಸುಬು ಮತ್ತು ಕೈಗಾರಿಕಾ ವಸ್ತುಗಳಿಗೂ ಅದನ್ನು ವಿಸ್ತರಿಸುವ 2023ರ ನಿಯಮ 2025ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ, ಹೊರದೇಶದವರೂ ಅರ್ಜಿ ಹಾಕಬಹುದು. ತಾಯ್ನಾಡಿನಲ್ಲಿ ರಕ್ಷಣೆ ಇರಬೇಕೆಂಬುದು ಅದರ ಷರತ್ತು, ಕೊಲ್ಹಾಪುರಿಗೆ ಅದು ಆಗಲೇ ಇದೆ. ಎರಡೂ ರಾಜ್ಯಗಳು ಜೊತೆಯಾಗಿ ಅರ್ಜಿ ಸಿದ್ಧಪಡಿಸಬೇಕು. ಅದಕ್ಕೆ ಸಹಿ ಹಾಕುವ ಮೇಜಿನಲ್ಲಿ ನಿಗಮಗಳ ವ್ಯವಸ್ಥಾಪಕ ನಿರ್ದೇಶಕರ ಪಕ್ಕದಲ್ಲಿ ಅಥಣಿಯ ಹೆಣಿಗೆಯವಳಿಗೂ ಕೊಲ್ಹಾಪುರದ ಅಟ್ಟೆ ಹೊಲಿಯುವವನಿಗೂ ಒಂದೊಂದು ಕುರ್ಚಿ ಹಾಕಬೇಕು.